ವಾಯೇಜರ್-1ರ ಚಿಪ್ಪು ಕೆಟ್ಟಾಗ ಅಸೆಂಬ್ಲಿ ಕೈಹಿಡಿದ ಬಗೆ: ಒಂದು ಪ್ರಕರಣ ಅಧ್ಯಯನ

2023ರ ನವೆಂಬರ್ 14. ಆ ದಿನದಿಂದ, ಸೌರಮಂಡಲದ ಅಂಚು ದಾಟಿ ಹೋಗುತ್ತಿರುವ ನಾಸಾದ ನೌಕೆ ವಾಯೇಜರ್-1 ಕಳಿಸುತ್ತಿದ್ದ ಮಾಹಿತಿಯ ತಲೆಬುಡ ಯಾರಿಗೂ ಅರ್ಥವಾಗಲಿಲ್ಲ. ಸಿಗ್ನಲ್ ಬರುತ್ತಿತ್ತು. ನೌಕೆಯ ಆಂಟೆನಾ ಭೂಮಿಯ ಕಡೆಗೇ ಇತ್ತು. ಇಲ್ಲಿಂದ ಕಳಿಸಿದ ಆಜ್ಞೆಗಳನ್ನು ಅದು ಕೇಳಿಸಿಕೊಂಡು ಪಾಲಿಸುತ್ತಲೂ ಇತ್ತು. ಆದರೆ ಅಳತೆಗಳು, ಉಪಕರಣಗಳ ಸ್ಥಿತಿಗತಿ ಎಲ್ಲ ಬರಬೇಕಾದ ಜಾಗದಲ್ಲಿ ಒಂದು-ಸೊನ್ನೆಗಳ ಅದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು, ಗ್ರಾಮಫೋನಿನ ಮುಳ್ಳು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡ ಹಾಗೆ.

ಐದು ತಿಂಗಳು ಹೀಗೇ ನಡೆಯಿತು. 2024ರ ಏಪ್ರಿಲ್‌ನಲ್ಲಿ ಸರಿಹೋಯಿತು. ಸರಿಮಾಡಿದ್ದು ಹೇಗೆ ಅಂದರೆ, 1970ರ ದಶಕದ ಒಂದು ಕಂಪ್ಯೂಟರಿನ ಕೋಡನ್ನು ತುಂಡುಮಾಡಿ, ಮೆಮೊರಿಯ ಬೇರೆ ಬೇರೆ ಮೂಲೆಗಳಿಗೆ ಸಾಗಿಸಿ, ತುಂಡುಗಳನ್ನು ಮತ್ತೆ ಒಂದಕ್ಕೊಂದು ಪೋಣಿಸಿ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಅಸೆಂಬ್ಲಿ ಅಂದರೆ ಪ್ರೊಸೆಸರಿಗೆ ಕೊಡುವ ಒಂದೊಂದು ಆಜ್ಞೆಯನ್ನೂ ನೇರವಾಗಿ ಬರೆಯುವ ಭಾಷೆ. "ಈಗಿನ ಕಾಲದಲ್ಲಿ ಅಸೆಂಬ್ಲಿ ಯಾಕೆ ಕಲೀಬೇಕು?" ಅಂತ ಯಾರಾದರೂ ಹುಡುಗರು ಕೇಳಿದರೆ ನಾವೆಲ್ಲ ಥಟ್ಟನೆ ಕೊಡುವ ಉತ್ತರ "ಸ್ಪೀಡು". ಸುಳ್ಳಲ್ಲ, ಆದರೆ ಅರ್ಧ ಉತ್ತರ. ಇನ್ನರ್ಧ ನನಗೆ ಸರಿಯಾಗಿ ಮನಸ್ಸಿಗೆ ಬಂದದ್ದು ಈ ರಿಪೇರಿಯ ವಿವರ ಓದಿದ ಮೇಲೆ. ಯಾವ ಆಜ್ಞೆ ಮೆಮೊರಿಯ ಯಾವ ಅಡ್ರೆಸ್ಸಿನಲ್ಲಿ ಕೂತಿದೆ ಅನ್ನೋದು ಕೋಡ್ ಬರೆಯುವವನ ಕೈಯಲ್ಲೇ ಇರುವುದು ಅಸೆಂಬ್ಲಿಯಲ್ಲಿ ಮಾತ್ರ. ಮೆಮೊರಿಯ ಒಂದು ಚಿಪ್ಪೇ ಹಾಳಾದಾಗ ಬೇಕಾಗುವುದು ಆ ಒಂದು ವಿಷಯ.

ಮೊದಲು ಯಂತ್ರದ ಬಗ್ಗೆ ಸ್ವಲ್ಪ. ವಾಯೇಜರ್-1 ಹಾರಿದ್ದು 1977ರ ಸೆಪ್ಟೆಂಬರ್ 5ಕ್ಕೆ. ಅದರ ಜೋಡಿ ವಾಯೇಜರ್-2 ಹದಿನಾರು ದಿನ ಮೊದಲೇ, ಆಗಸ್ಟ್ 20ಕ್ಕೆ ಹೊರಟಿತ್ತು. ಎರಡನ್ನೂ ನೋಡಿಕೊಳ್ಳುವುದು ಕ್ಯಾಲಿಫೋರ್ನಿಯಾದ ಪಸಡೀನಾ ಹತ್ತಿರ ಇರುವ ನಾಸಾದ ಜೆಪಿಎಲ್, ಅಂದರೆ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿ. ಒಂದೊಂದು ನೌಕೆಯಲ್ಲೂ ಮೂರು ಬಗೆಯ ಕಂಪ್ಯೂಟರುಗಳಿವೆ, ಪ್ರತಿಯೊಂದಕ್ಕೂ ಒಂದು ಬದಲಿ, ಒಟ್ಟು ಆರು. ಆಜ್ಞೆಗಳನ್ನು ನಡೆಸಲು ಒಂದು, ನೌಕೆ ಎತ್ತ ಮುಖ ಮಾಡಿರಬೇಕು ಅಂತ ನೋಡಿಕೊಳ್ಳಲು ಒಂದು, ಮಾಹಿತಿಯನ್ನು ಒಟ್ಟುಮಾಡಿ ಕಟ್ಟಿ ಕಳಿಸಲು ಇನ್ನೊಂದು. ಆರೂ ಸೇರಿ ಅವುಗಳ ಮೆಮೊರಿ 70 ಕಿಲೋಬೈಟ್ ಕೂಡ ಆಗುವುದಿಲ್ಲ. ಫೋನಿನಲ್ಲಿ ಬೆಳಿಗ್ಗೆ ಬರುವ ಒಂದು ಶುಭೋದಯದ ಚಿತ್ರವೂ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತದೆ.

ಕೆಟ್ಟದ್ದು ಆ ಮೂರನೆಯದು, ಫ್ಲೈಟ್ ಡೇಟಾ ಸಬ್‌ಸಿಸ್ಟಂ. ಎಫ್‌ಡಿಎಸ್ ಅಂತ ಕರೆಯುತ್ತಾರೆ. ವಿಜ್ಞಾನ ಉಪಕರಣಗಳು ಅಳೆದದ್ದು, ನೌಕೆಯ ಸ್ವಂತ ಆರೋಗ್ಯದ ವಿವರ ಎರಡನ್ನೂ ಜೋಡಿಸಿ ಕಟ್ಟು ಮಾಡಿ ರೇಡಿಯೋ ಕಡೆಗೆ ದಾಟಿಸುವುದು ಇದರ ಕೆಲಸ. 16 ಬಿಟ್‌ಗಳ ಒಂದು ವರ್ಡ್, ಅಂಥ ಸುಮಾರು 8 ಸಾವಿರ ವರ್ಡ್ ಮೆಮೊರಿ. ಅಷ್ಟರಲ್ಲೇ ಕೋಡು, ಅಷ್ಟರಲ್ಲೇ ಡೇಟಾ. ಆಗಿನ ಕಾಲಕ್ಕೆ ಹೊಸತಾಗಿದ್ದ ಸಿಮಾಸ್ ಮೆಮೊರಿಯನ್ನು ಇದಕ್ಕೆ ಹಾಕಿದ್ದರು. ಅದಕ್ಕೆ ಒಂದು ಗುಣ ಇದೆ, ಕರೆಂಟ್ ಹೋದರೆ ಬರೆದಿದ್ದೆಲ್ಲ ಮಾಯ. ಅದಕ್ಕೇ ಅಣುವಿದ್ಯುತ್ ಮೂಲದಿಂದ ಈ ಮೆಮೊರಿಗೆ ಅಂತಲೇ ಬೇರೆ ಒಂದು ತಂತಿ ಎಳೆದಿದ್ದಾರೆ. ಆ ಮೂಲವೇ ನಿಂತುಹೋದರೆ ನೌಕೆಯೇ ಇಲ್ಲ, ಇನ್ನು ಮೆಮೊರಿ ಉಳಿದು ಏನು ಪ್ರಯೋಜನ, ಅಲ್ವಾ? ಎಂಥ ಸರಳವಾದ, ಗಟ್ಟಿಯಾದ ಯೋಚನೆ!

ಈ ಎಫ್‌ಡಿಎಸ್ ಅಂಗಡಿಯಲ್ಲಿ ಸಿಗುವ ಪ್ರೊಸೆಸರ್ ಅಲ್ಲ. ಇದೇ ಕೆಲಸಕ್ಕೆ ಅಂತ ಜೆಪಿಎಲ್‌ನಲ್ಲೇ ರೂಪಿಸಿದ್ದು. ಇದರ ಇನ್‌ಸ್ಟ್ರಕ್ಷನ್‌ಗಳೂ, ಅಂದರೆ ಪ್ರೊಸೆಸರಿಗೆ ಅರ್ಥವಾಗುವ ಆಜ್ಞೆಗಳೂ, ಇದಕ್ಕೇ ಸೀಮಿತ. ಇದರ ಕೋಡ್ ಅಸೆಂಬ್ಲಿಯಲ್ಲಿದೆ, ಮತ್ತು ಆ ಅಸೆಂಬ್ಲಿ ಪ್ರಪಂಚದಲ್ಲಿ ಬೇರೆಲ್ಲೂ ಬಳಕೆಯಲ್ಲಿ ಇಲ್ಲ. ಬದಲಿ ಎಫ್‌ಡಿಎಸ್ ಇತ್ತಲ್ಲ ಅಂತ ಕೇಳಬಹುದು. ಅದು ದಶಕಗಳ ಹಿಂದೆಯೇ ಕೈಕೊಟ್ಟಿತ್ತು. ಉಳಿದದ್ದು ಇದೊಂದೇ.

ಈಗ ದೂರ. ತೊಂದರೆ ಆದಾಗ ನೌಕೆ ಇದ್ದದ್ದು ಸುಮಾರು 2,400 ಕೋಟಿ ಕಿಲೋಮೀಟರ್ ಆಚೆ. ಬೆಳಕಿನ ವೇಗದಲ್ಲಿ ಹೋಗುವ ರೇಡಿಯೋ ಸಂದೇಶ ಅಲ್ಲಿ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ಒಂದು ಬದಲಾವಣೆ ಕಳಿಸಿದರೆ ಅದರ ಫಲ ಗೊತ್ತಾಗುವುದು ನಾಳೆ ಕಳೆದು ನಾಡಿದ್ದು ಬೆಳಗಿನ ಜಾವ ಐದಕ್ಕೆ. ನಾವು ಕೋಡ್ ಬರೆಯುವವರು ಒಂದು ಗಂಟೆಯಲ್ಲಿ ಹತ್ತಿಪ್ಪತ್ತು ಸಲ ಓಡಿಸಿ ನೋಡುತ್ತೇವೆ, ತಪ್ಪು ಮಾಡುತ್ತೇವೆ, ತಿದ್ದುತ್ತೇವೆ. ಇಲ್ಲಿ ಒಂದು ಸಲ ಓಡಿಸಿ ನೋಡುವುದೇ ಎರಡು ದಿನದ ಮಾತು.

ಶುರುವಿನಲ್ಲಿ ಗೊತ್ತಿದ್ದದ್ದು ಇಷ್ಟೇ: ಎಫ್‌ಡಿಎಸ್ ಮತ್ತು ರೇಡಿಯೋಗೆ ಮಾಹಿತಿ ದಾಟಿಸುವ ಟೆಲಿಮೆಟ್ರಿ ಘಟಕ, ಇವೆರಡರ ನಡುವೆ ಎಲ್ಲೋ ಎಡವಟ್ಟಾಗಿದೆ. ಎಫ್‌ಡಿಎಸ್ ಅನ್ನು ರೀಸ್ಟಾರ್ಟ್ ಮಾಡಿ ನೋಡಿದರು. ಆಗಲಿಲ್ಲ. ಯಾವ ಕಂಪ್ಯೂಟರ್ ಕೆಟ್ಟಿದೆಯೋ ಅದೇ ಕಂಪ್ಯೂಟರ್ ತನಗೆ ಏನಾಗಿದೆ ಅಂತ ಹೇಳಬೇಕು. ಬಾಯಿಗೇ ಪೆಟ್ಟಾಗಿರುವ ರೋಗಿಯ ಹತ್ತಿರ ಎಲ್ಲಿ ನೋವು ಅಂತ ಕೇಳಿದ ಹಾಗೆ ಇದು. ತಂಡದವರು ಹಳೆಯ ಕಾಗದಗಳನ್ನು ಹೊರಗೆ ತೆಗೆದರು. 1970ರ ದಶಕದ, ಅಂಚು ಹಳದಿಯಾದ ಸರ್ಕ್ಯೂಟ್ ನಕ್ಷೆಗಳನ್ನು ಗೋಡೆಗೆ ಅಂಟಿಸಿಕೊಂಡು ನೋಡಿದರು. ಅದನ್ನು ಬರೆದವರಿಗೆ ನಲವತ್ತಾರು ವರ್ಷ ಆದ ಮೇಲೆ ಹೀಗೊಂದು ತೊಂದರೆ ಬಂದೀತು ಅನ್ನುವ ಅಂದಾಜೂ ಇರಲಿಲ್ಲ, ಯಾಕೆಂದರೆ ನೌಕೆಗಳನ್ನು ಕಟ್ಟಿದ್ದೇ ಗುರು-ಶನಿ ಗ್ರಹಗಳ ಕೆಲಸಕ್ಕೆ, ಐದು ವರ್ಷದ ಲೆಕ್ಕದಲ್ಲಿ.

2024ರ ಮಾರ್ಚ್ 1ರಂದು ಒಂದು ಸಣ್ಣ ಉಪಾಯ ಮಾಡಿದರು. ಅದಕ್ಕೆ ಅವರು ಇಟ್ಟ ಹೆಸರು "ಪೋಕ್", ನಮ್ಮ ಮಾತಿನಲ್ಲಿ ಮೆಲ್ಲಗೆ ತಿವಿಯುವುದು. ಎಫ್‌ಡಿಎಸ್‌ನ ಕೋಡ್ ಎಲ್ಲೋ ಹಾಳಾದ ಜಾಗದಲ್ಲಿ ಸಿಕ್ಕಿಬಿದ್ದಿದೆ, ಅದನ್ನು ಬೇರೆ ದಾರಿಯಲ್ಲಿ ಹೋಗುವಂತೆ ಮಾಡಿದರೆ ಏನಾದರೂ ಬದಲಾಗುತ್ತದಾ ನೋಡೋಣ ಅಂತ. ಮಾರ್ಚ್ 3ಕ್ಕೆ ಬಂದ ಸಿಗ್ನಲ್‌ನ ಒಂದು ಭಾಗ ಬೇರೆ ಥರ ಇತ್ತು. ಹಳೆಯ ಅದೇ ಸಾಲೂ ಅಲ್ಲ, ನೌಕೆ ಸರಿಯಿದ್ದಾಗ ಕಳಿಸುತ್ತಿದ್ದ ರೂಪವೂ ಅಲ್ಲ. ದೂರದ ನೌಕೆಗಳ ಜೊತೆ ಮಾತಾಡುವ ನಾಸಾದ ಆಂಟೆನಾ ಜಾಲ ಡೀಪ್ ಸ್ಪೇಸ್ ನೆಟ್‌ವರ್ಕ್‌ನ ಒಬ್ಬ ಎಂಜಿನಿಯರ್ ಅದನ್ನು ಬಿಡಿಸಿ ಓದಿದರು. ಮಾರ್ಚ್ 10ರ ಹೊತ್ತಿಗೆ ಗೊತ್ತಾಯಿತು, ಅದರಲ್ಲಿದ್ದದ್ದು ಎಫ್‌ಡಿಎಸ್‌ನ ಇಡೀ ಮೆಮೊರಿಯ ನಕಲು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದು. ಮೆಮೊರಿ ಡಂಪ್ ಅಂದರೆ ಬರೀ ಅಂಕಿಗಳ ರಾಶಿ. ಅದರಲ್ಲಿ ಫಂಕ್ಷನ್ ಹೆಸರಿಲ್ಲ, ಸಾಲಿನ ಸಂಖ್ಯೆ ಇಲ್ಲ, ಕಾಮೆಂಟ್ ಇಲ್ಲ. ಅದನ್ನು ಮುಂದೆ ಇಟ್ಟುಕೊಂಡು "ಈ ಅಂಕಿ ಒಂದು ಇನ್‌ಸ್ಟ್ರಕ್ಷನ್, ಇದು ಅಡ್ರೆಸ್, ಇದು ಡೇಟಾ" ಅಂತ ಹೇಳಬೇಕಾದರೆ ಆ ಯಂತ್ರದ ಅಸೆಂಬ್ಲಿ ಗೊತ್ತಿರಲೇಬೇಕು, ಬೇರೆ ದಾರಿಯೇ ಇಲ್ಲ. ಅವರ ಹತ್ತಿರ ತೊಂದರೆ ಆಗುವ ಮೊದಲು ತರಿಸಿಕೊಂಡಿದ್ದ ಒಂದು ಡಂಪ್ ಇತ್ತು. ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಏಪ್ರಿಲ್ ಮೊದಲ ವಾರದಲ್ಲಿ ನಾಸಾ ಕಾರಣವನ್ನು ಹೇಳಿತು: ಮೆಮೊರಿಯ ಸುಮಾರು ಶೇಕಡ 3ರಷ್ಟು ಭಾಗ ಹಾಳಾಗಿದೆ. ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ 250 ವರ್ಡ್. ಅಷ್ಟನ್ನೂ ಇಟ್ಟುಕೊಂಡಿದ್ದ ಒಂದೇ ಒಂದು ಚಿಪ್ಪು ಕೆಟ್ಟಿರಬೇಕು ಅಂತ ಅವರ ತೀರ್ಮಾನ. ಬಾಹ್ಯಾಕಾಶದ ಯಾವುದೋ ಶಕ್ತಿಶಾಲಿ ಕಣ ಬಡಿದಿರಬಹುದು, ಇಲ್ಲವೇ 46 ವರ್ಷ ದುಡಿದು ಸುಮ್ನೆ ಸವೆದುಹೋಗಿರಬಹುದು. ಎರಡರಲ್ಲಿ ಯಾವುದು ಅಂತ ಖಚಿತವಾಗಿ ಹೇಳಲಾಗಲಿಲ್ಲ.

ಚಿಪ್ಪನ್ನು ಬದಲಿಸಲು ಆಗುವುದಿಲ್ಲ. ಹಾಗಾದರೆ ಆ ಚಿಪ್ಪಿನಲ್ಲಿದ್ದ ಕೋಡನ್ನು ಬೇರೆ ಕಡೆ ಇಡಬೇಕು. ಕೇಳೋಕೆ ಸುಲಭ. ಆದರೆ ಅಷ್ಟು ಕೋಡ್ ಒಟ್ಟಿಗೆ ಹಿಡಿಯುವಷ್ಟು ಖಾಲಿ ಜಾಗ ಆ ಮೆಮೊರಿಯಲ್ಲಿ ಎಲ್ಲೂ ಇರಲಿಲ್ಲ. ಇಲ್ಲಿ ಹತ್ತು ವರ್ಡ್, ಅಲ್ಲಿ ಇಪ್ಪತ್ತು ವರ್ಡ್ ಅನ್ನುವ ಹಾಗೆ ಸಿಕ್ಕಸಿಕ್ಕ ಸಂದಿಗಳಲ್ಲೇ ತುಂಬಬೇಕು.

ಇದು ಎಷ್ಟು ಕಷ್ಟ ಅಂತ ಅರ್ಥವಾಗಬೇಕಾದರೆ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಮೈಕ್ರೊಪ್ರೊಸೆಸರ್ ಲ್ಯಾಬಿಗೆ ಬರಬೇಕು. ನನ್ನ ವಯಸ್ಸಿನ ಎಷ್ಟೋ ಜನರಿಗೆ 8085 ಕಿಟ್, ಅಂದರೆ 8085 ಪ್ರೊಸೆಸರ್ ಇರುವ ಕಲಿಕೆಯ ಬೋರ್ಡು, ನೆನಪಿರುತ್ತದೆ. ಇಂಟೆಲ್‌ನ ಆ ಪ್ರೊಸೆಸರ್ ಹೊರಬಂದದ್ದು 1976ರಲ್ಲಿ, ಅಂದರೆ ಅದೂ ವಾಯೇಜರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವು. ಕೆಂಪು ಅಂಕಿಗಳು ಬೆಳಗುವ ಒಂದು ಪಟ್ಟಿ, ಕೆಳಗೆ ಹೆಕ್ಸ್ ಕೀಗಳು. ಆಜ್ಞೆಗಳನ್ನು ತಾನೇ ಅಂಕಿಗೆ ತಿರುಗಿಸಿಕೊಡುವ ಅಸೆಂಬ್ಲರ್ ಗಿಸೆಂಬ್ಲರ್ ಏನೂ ಇಲ್ಲ. ರೆಕಾರ್ಡ್ ಬುಕ್ಕಿನಲ್ಲಿ ಎಡಗಡೆ ಅಡ್ರೆಸ್, ಮಧ್ಯೆ ಆಪ್‌ಕೋಡ್ (ಆಜ್ಞೆಯ ಅಂಕಿ), ಬಲಗಡೆ ಇನ್‌ಸ್ಟ್ರಕ್ಷನ್ ಅಂತ ಗೆರೆ ಹಾಕಿ, ಒಂದೊಂದು ಆಜ್ಞೆಗೂ ಚಾರ್ಟಿನಲ್ಲಿ ಅಂಕಿ ಹುಡುಕಿ ಬರೆದು, ಆಮೇಲೆ ಒಂದೊಂದೇ ಬೈಟ್ ಒತ್ತಬೇಕು.

ಒಂದು ದಿನ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಒತ್ತಿ ಮುಗಿಸಿದ ಮೇಲೆ ನೋಡಿದರೆ ಕ್ಯಾರಿಯನ್ನು, ಅಂದರೆ ಕೂಡಿಸುವಾಗ ಬರುವ ದಶಕವನ್ನು, ಎಣಿಸುವ ಎರಡು ಆಜ್ಞೆಗಳನ್ನೇ ನಾನು ಬಿಟ್ಟಿದ್ದೆ. ಮಧ್ಯದಲ್ಲಿ ಸೇರಿಸಬೇಕು ಅಂದರೆ ಮುಂದಿನದೆಲ್ಲ ನಾಲ್ಕು ಮನೆ ಕೆಳಗೆ ಜರುಗಬೇಕು. ಆ ಪ್ರೋಗ್ರಾಂಗೆ ಇನ್ನೂ ಉದ್ದದ ಬಾಲ ಇತ್ತು. ಅದರೊಳಗೆ ಇದ್ದ ಜಂಪ್‌ಗಳ, ಅಂದರೆ "ಇಂಥ ಅಡ್ರೆಸ್ಸಿಗೆ ಹಾರು" ಅನ್ನುವ ಆಜ್ಞೆಗಳ, ಅಡ್ರೆಸ್ಸೂ ಬದಲಾಗಬೇಕು. ಮೊದಲಿಂದ ಒತ್ತಲು ಹೊರಟಿದ್ದೆ. ಲ್ಯಾಬಿನ ಮೇಡಂ ಬಂದು ನೋಡಿ, "ಅಷ್ಟೆಲ್ಲ ಯಾಕಪ್ಪಾ, ಒಂದು ತೇಪೆ ಹಾಕು" ಅಂದರು.

ಅವರು ಹೇಳಿಕೊಟ್ಟದ್ದು ಹೀಗೆ. 8006ರಲ್ಲಿ ಉತ್ತರವನ್ನು ಮೆಮೊರಿಗೆ ಬರೆಯುವ ಮೂರು ಬೈಟಿನ ಆಜ್ಞೆ ಇತ್ತು. ಅದನ್ನು ಅಳಿಸಿ ಅದೇ ಮೂರು ಬೈಟಿನಲ್ಲಿ ಸಿ3, 50, 80 ಅಂತ ಒತ್ತಿಸಿದರು. ಅಂದರೆ "8050ಕ್ಕೆ ಹಾರು". 8050ರಿಂದ ಖಾಲಿ ಜಾಗ ಇತ್ತು. ಅಲ್ಲಿ ಮೊದಲು, ಕ್ಯಾರಿ ಇಲ್ಲದಿದ್ದರೆ 8054ಕ್ಕೆ ಹೋಗು ಅನ್ನುವ ಆಜ್ಞೆ. 8053ರಲ್ಲಿ ಎಣಿಕೆಯ ರಿಜಿಸ್ಟರಿಗೆ (ಪ್ರೊಸೆಸರಿನ ಒಳಗೇ ಇರುವ ಪುಟ್ಟ ಜಾಗ) ಒಂದು ಕೂಡಿಸು. 8054ರಲ್ಲಿ, ಆಗ ಅಳಿಸಿದ ಆಜ್ಞೆಯನ್ನೇ ಮತ್ತೆ ಬರೆ. 8057ರಲ್ಲಿ, 8009ಕ್ಕೆ ವಾಪಸ್ ಹಾರು. ಪ್ರೋಗ್ರಾಂ ತನ್ನ ದಾರಿ ಬಿಟ್ಟು ಪಕ್ಕದ ಓಣಿಗೆ ಹೋಗಿ, ಕೆಲಸ ಮುಗಿಸಿ, ಮತ್ತೆ ಮುಖ್ಯರಸ್ತೆಗೆ ಬರುತ್ತದೆ. ಕಿಟ್ಟಿನ ಮಟ್ಟಿಗೆ ಐದು ನಿಮಿಷದ ಕೆಲಸ. ಉತ್ತರ ಸರಿ ಬಂತು. ಆದರೆ ಕೋಡ್ ಅನ್ನೋದು ಒಂದು ಜಾಗದಲ್ಲಿ ವಾಸ ಮಾಡುವ ವಸ್ತು, ಅದಕ್ಕೆ ಮನೆ ನಂಬರ್ ಇದೆ, ಅದನ್ನು ಎತ್ತಿ ಬೇರೆ ಕಡೆ ಇಡಬಹುದು ಅನ್ನುವುದು ನನ್ನ ತಲೆಗೆ ಹೊಕ್ಕಿದ್ದು ಆ ಐದು ನಿಮಿಷದಲ್ಲೇ.

ವಾಯೇಜರ್ ತಂಡ ಮಾಡಿದ್ದು ಇದೇ ಜಾತಿಯ ಕೆಲಸ, ಎಷ್ಟೋ ಪಟ್ಟು ಕಷ್ಟದ ರೂಪದಲ್ಲಿ. ಸತ್ತ ಚಿಪ್ಪಿನಲ್ಲಿದ್ದ ಕೋಡನ್ನು ತುಂಡುಗಳಾಗಿ ಭಾಗ ಮಾಡಿದರು. ಒಂದೊಂದು ತುಂಡಿಗೂ ಮೆಮೊರಿಯಲ್ಲಿ ಜಾಗ ಹುಡುಕಿದರು. ಗುರು-ಶನಿಯ ಕಾಲಕ್ಕೆ ಬೇಕಾಗಿದ್ದ ಎಷ್ಟೋ ಕೆಲಸ ಈಗ ಆ ನೌಕೆಗೆ ಇಲ್ಲ, ಕ್ಯಾಮೆರಾಗಳು 1990ರಿಂದ ಆಫ್ ಆಗಿವೆ, ಹೀಗೆ ಬೇಡವಾದದ್ದು ಯಾವುದು ಅಂತ ತಿಳಿಯಲೂ ಪ್ರತಿ ವರ್ಡ್ ಏನು ಮಾಡುತ್ತದೆ ಅಂತ ಗೊತ್ತಿರಬೇಕು. ಒಂದೇ ಆಗಿದ್ದದ್ದು ಈಗ ಹಲವು ಕಡೆ ಹಂಚಿಹೋಗಿದ್ದರಿಂದ, ಮೊದಲು ಹಾಗೇ ಕೆಳಗಿನ ಸಾಲಿಗೆ ಇಳಿಯುತ್ತಿದ್ದ ಕಡೆಯೆಲ್ಲ ಮುಂದಿನ ತುಂಡಿಗೆ ದಾರಿ ತೋರಿಸಬೇಕು. ಅಷ್ಟೇ ಅಲ್ಲ, ಮೆಮೊರಿಯ ಉಳಿದ ಭಾಗದಲ್ಲಿ ಯಾರ್ಯಾರು ಈ ಕೋಡನ್ನು ಹಳೆಯ ಅಡ್ರೆಸ್ಸಿನಲ್ಲಿ ಕರೆಯುತ್ತಿದ್ದರೋ ಅವರಿಗೆಲ್ಲ ಹೊಸ ಅಡ್ರೆಸ್ ಕೊಡಬೇಕು. ಡ್ಯಾಂ ಕಟ್ಟಿದಾಗ ಮುಳುಗಡೆಯಾದ ಊರಿನವರನ್ನು ನಾಲ್ಕಾರು ಊರಿಗೆ ಹಂಚಿದರೆ ಹೇಗೆ ಪ್ರತಿಯೊಬ್ಬ ನೆಂಟನ ಹತ್ತಿರ ಇರುವ ವಿಳಾಸವೂ ತಪ್ಪಾಗುತ್ತದೋ ಹಾಗೆ. ಒಂದು ವಿಳಾಸ ಬಿಟ್ಟುಹೋದರೂ ಪ್ರೊಸೆಸರ್ ಸೀದಾ ನೀರಿಗೇ ಹೋಗಿ ಇಳಿಯುತ್ತದೆ, ಅಂದರೆ ಆ ಸತ್ತ ಚಿಪ್ಪಿಗೆ.

ಇದನ್ನು ಸಿ ಭಾಷೆಯಲ್ಲಿ ಬರೆದಿದ್ದರೆ ಏನಾಗುತ್ತಿತ್ತು ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬರೆದದ್ದನ್ನು ಯಂತ್ರದ ಆಜ್ಞೆಗಳಿಗೆ ತಿರುಗಿಸುವ ಕಂಪೈಲರ್, ಅವನ್ನು ಮೆಮೊರಿಯಲ್ಲಿ ಜೋಡಿಸುವ ಲಿಂಕರ್ ಇದ್ದರೆ "ಈ ಜಾಗ ಬಿಟ್ಟು ಉಳಿದ ಕಡೆ ಜೋಡಿಸು" ಅಂತ ಹೇಳಿ ಇಡೀ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಬಹುದಿತ್ತು ನಿಜ. ಈಗಿನ ಯಂತ್ರಗಳಲ್ಲಿ ಹಾಗೇ ಮಾಡುತ್ತೇವೆ. ಆದರೆ ಹೊಸದಾಗಿ ಕಟ್ಟಿದ ಪ್ರೋಗ್ರಾಮಿನಲ್ಲಿ ಒಂದೊಂದು ವರ್ಡೂ ಜಾಗ ಬದಲಿಸಿರುತ್ತದೆ. ಅಷ್ಟನ್ನೂ ಮತ್ತೆ ಕಳಿಸಬೇಕು, ಅಷ್ಟರ ಮೇಲೂ ನಂಬಿಕೆ ಇಡಬೇಕು, ಓಡುತ್ತಿರುವ ಒಂದೇ ಒಂದು ಕಂಪ್ಯೂಟರಿನಲ್ಲಿ. ಇಲ್ಲಿ ಬೇಕಿದ್ದದ್ದು ತದ್ವಿರುದ್ಧ: ಸರಿ ಇರುವುದನ್ನು ಮುಟ್ಟಬಾರದು, ಎಷ್ಟು ಕಡಿಮೆ ವರ್ಡ್ ಬದಲಿಸಿದರೆ ಅಷ್ಟು ಒಳ್ಳೆಯದು. ಬದಲಿಸಿದ ಪ್ರತಿಯೊಂದು ವರ್ಡಿಗೂ ಯಾಕೆ ಬದಲಿಸಿದೆ ಅಂತ ಒಬ್ಬ ಮನುಷ್ಯ ಹೇಳುವಂತಿರಬೇಕು. ಅದಕ್ಕೆ ಅಸೆಂಬ್ಲಿ ಮಟ್ಟಕ್ಕೆ ಇಳಿಯದೆ ಆಗುವುದಿಲ್ಲ. ಇನ್ನೊಂದು ವಿಷಯ, ಅಷ್ಟು ಸಣ್ಣ ಮೆಮೊರಿಯಲ್ಲಿ ಕಂಪೈಲರ್ ಬರೆದ ಕೋಡ್ ಹಿಡಿಸುತ್ತಿತ್ತೋ ಇಲ್ಲವೋ ಅನ್ನುವುದೇ ನನಗೆ ಅನುಮಾನ.

ಎಲ್ಲವನ್ನೂ ಒಂದೇ ಸಲ ಮಾಡಲು ಹೋಗಲಿಲ್ಲ, ಇದೂ ಕಲಿಯಬೇಕಾದದ್ದೇ. ನೌಕೆಯ ಆರೋಗ್ಯದ ವಿವರವನ್ನು ಕಟ್ಟಿ ಕಳಿಸುವ ಕೋಡನ್ನು ಮೊದಲು ಆರಿಸಿಕೊಂಡರು. ವಿಜ್ಞಾನದ ಮಾಹಿತಿ ಆಮೇಲೆ ಬಂದರೂ ನಡೆಯುತ್ತದೆ, ಮೊದಲು ರೋಗಿ ಮಾತಾಡುವಂತಾಗಲಿ ಅಂತ. ಒಂದು ಭಾಗ ಸರಿಹೋದರೆ ಮುಂದಿನದಕ್ಕೆ ಅದೇ ಕಣ್ಣಾಗುತ್ತದೆ.

2024ರ ಏಪ್ರಿಲ್ 18ರಂದು ಆ ಮೊದಲ ಬದಲಾವಣೆಯನ್ನು ಕಳಿಸಿದರು. ಆಮೇಲೆ ಕಾಯುವುದು. ಇಪ್ಪತ್ತೆರಡೂವರೆ ಗಂಟೆ ಹೋಗುವ ದಾರಿ, ಇಪ್ಪತ್ತೆರಡೂವರೆ ಗಂಟೆ ಬರುವ ದಾರಿ. ಏಪ್ರಿಲ್ 20, ಶನಿವಾರ. ಜೆಪಿಎಲ್‌ನ ಒಂದು ಮೀಟಿಂಗ್ ಕೋಣೆಯಲ್ಲಿ ತಂಡದವರೆಲ್ಲ ಮೇಜಿನ ಸುತ್ತ ಕೂತಿದ್ದರು. ಅವತ್ತಿನ ಫೋಟೋ ನಾಸಾ ಹೊರಬಿಟ್ಟಿದೆ, ಹುಡುಕಿ ನೋಡಿ. ಕೈ ಮೇಲೆತ್ತಿ ಕೂಗುತ್ತಿರುವವರು, ಚಪ್ಪಾಳೆ ಹೊಡೆಯುತ್ತಿರುವವರು, ಬೆಳ್ಳಿಗೂದಲಿನವರು ಇದ್ದಾರೆ. ಐದು ತಿಂಗಳ ನಂತರ ಮೊದಲ ಸಲ ವಾಯೇಜರ್-1 ಅರ್ಥವಾಗುವ ಮಾತಾಡಿತ್ತು. ನನಗೆ ಆ ಫೋಟೋ ನೋಡಿದಾಗ ಗಂಟಲು ಕಟ್ಟಿತು. ರಾಕೆಟ್ ಹಾರಿದಾಗ ಎಲ್ಲರೂ ಕುಣಿಯುತ್ತಾರೆ, ಒಂದಿಷ್ಟು ಜಂಪ್ ಅಡ್ರೆಸ್‌ಗಳು ಸರಿಯಾಗಿವೆ ಅಂತ ಜನ ಎದ್ದು ಕುಣಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇದೆಲ್ಲ ಸರಿ, ಆದರೆ ಇದು ಹಳೆಯ ಯಂತ್ರದ ಕಥೆ, ಈಗಿನ ಕಂಪ್ಯೂಟರಿಗೆ ಏನು ಸಂಬಂಧ ಅಂತ ಅನ್ನಿಸಬಹುದು. ಅದಕ್ಕೆ ಅದೇ ದಿನಗಳಲ್ಲಿ ನಡೆದ ಇನ್ನೊಂದು ಘಟನೆಯನ್ನು ಹೇಳುತ್ತೇನೆ. ವಾಯೇಜರ್ ತಂಡ ಡಂಪ್ ಓದುತ್ತಿದ್ದ ಅದೇ ಮಾರ್ಚ್ ತಿಂಗಳ 29ಕ್ಕೆ ಎಕ್ಸ್‌ಝಡ್ ಅನ್ನುವ ಫೈಲ್ ಕುಗ್ಗಿಸುವ ಲೈಬ್ರರಿಯಲ್ಲಿ (ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡು) ಹಿಂಬಾಗಿಲೊಂದು ಇರುವುದು ಬಯಲಾಯಿತು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ತನ್ನ ಲಿನಕ್ಸ್ ಯಂತ್ರದಲ್ಲಿ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಬೆನ್ನುಹತ್ತಿ ಹೋಗಿ ಹಿಡಿದದ್ದು. ಅದು ಇನ್ನೂ ಹರಡಿದ್ದರೆ ಪ್ರಪಂಚದ ಎಷ್ಟೋ ಸರ್ವರ್‌ಗಳಿಗೆ ಕಳ್ಳಕೀಲಿ ಸಿಕ್ಕಿಬಿಡುತ್ತಿತ್ತು. ಆ ಕೇಡಿನ ಕೋಡನ್ನು ಓದುವಂಥ ಸೋರ್ಸ್ ಆಗಿ ಎಲ್ಲೂ ಇಟ್ಟಿರಲಿಲ್ಲ. ಪರೀಕ್ಷೆಗೆ ಅಂತ ಇಟ್ಟ ಫೈಲುಗಳ ಒಳಗೆ, ಆಗಲೇ ಕಂಪೈಲ್ ಆದ ರೂಪದಲ್ಲಿ ಅಡಗಿಸಿದ್ದರು. ಅದು ಏನು ಮಾಡುತ್ತದೆ ಅಂತ ತಿಳಿಯಲು ಡಿಸ್‌ಅಸೆಂಬಲ್ ಮಾಡಿ, ಅಂದರೆ ಅಂಕಿಗಳನ್ನು ಮತ್ತೆ ಅಸೆಂಬ್ಲಿಗೆ ತಿರುಗಿಸಿ, ಯಂತ್ರದ ಆಜ್ಞೆಗಳನ್ನೇ ಓದಬೇಕಾಯಿತು. ಒಂದು ಘಟನೆ 2,400 ಕೋಟಿ ಕಿಲೋಮೀಟರ್ ಆಚೆ, ಇನ್ನೊಂದು ನಮ್ಮ ಮೇಜಿನ ಮೇಲೆ. ಎರಡರಲ್ಲೂ ಮುಂದೆ ಇದ್ದದ್ದು ಬರೀ ಅಂಕಿಗಳು, ಬೇಕಿದ್ದದ್ದು ಅದನ್ನು ಓದಬಲ್ಲವರು.

ಉಳಿದ ಬಳಕೆಗಳು ಬಹಳ ಜನಕ್ಕೆ ಗೊತ್ತಿರುವವೇ, ಬೇಗ ಹೇಳಿ ಮುಗಿಸುತ್ತೇನೆ. ಕಂಪ್ಯೂಟರ್ ಆನ್ ಆದ ಮೊದಲ ಗಳಿಗೆಯಲ್ಲಿ ಸ್ಟ್ಯಾಕ್ (ಪ್ರೋಗ್ರಾಂ ತಾತ್ಕಾಲಿಕವಾಗಿ ಬಳಸುವ ಮೆಮೊರಿ) ಕೂಡ ಸಿದ್ಧವಾಗಿರುವುದಿಲ್ಲ, ಆಗ ಸಿ ಓಡಲು ಆಗದು, ಆ ಕೆಲವು ಸಾಲು ಅಸೆಂಬ್ಲಿಯೇ. ಲಿನಕ್ಸ್‌ನ ತಿರುಳಾದ ಕರ್ನಲ್ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವಾಗ ರಿಜಿಸ್ಟರುಗಳನ್ನು ಎತ್ತಿಡುವ ಜಾಗದಲ್ಲೂ ಅಷ್ಟೇ. ಎವಿ1 ಅನ್ನುವ ರೂಪದಲ್ಲಿ ಕುಗ್ಗಿಸಿದ ವಿಡಿಯೋ ಬಿಚ್ಚುವ ಡೇವಿಡ್ ಡಿಕೋಡರ್‌ನಲ್ಲಿ ಕೈಯಿಂದ ಬರೆದ ಅಸೆಂಬ್ಲಿ ರಾಶಿ ರಾಶಿ ಇದೆ, ನಾವು ಕಡಿಮೆ ಬೆಲೆಯ ಫೋನಿನಲ್ಲಿ ವಿಡಿಯೋ ತಡೆಯಿಲ್ಲದೆ ನೋಡುವುದರ ಹಿಂದೆ ಇಂಥವರ ಶ್ರಮ ಇದೆ. ಗುಪ್ತಲಿಪಿಯ ಲೈಬ್ರರಿಗಳಲ್ಲೂ ಇದೆ, ಅಲ್ಲಿ ವೇಗದ ಜೊತೆಗೆ ಕೀಲಿ ಯಾವುದೇ ಇದ್ದರೂ ಲೆಕ್ಕಕ್ಕೆ ಅಷ್ಟೇ ಸಮಯ ಹಿಡಿಯಬೇಕು ಅನ್ನುವ ಕಟ್ಟುಪಾಡೂ ಇರುತ್ತದೆ.

ಹಾಗಂತ ಎಲ್ಲರೂ ಅಸೆಂಬ್ಲಿಯಲ್ಲೇ ಬರೆಯಿರಿ ಅಂತ ನಾನು ಹೇಳುವುದಿಲ್ಲ. ಬ್ಯಾಂಕಿನ ಆ್ಯಪ್ ಅಸೆಂಬ್ಲಿಯಲ್ಲಿ ಬರೆಯುವುದು ತಪ್ಪು. ಸಾಮಾನ್ಯ ಕೋಡಿಗೆ ಇವತ್ತಿನ ಕಂಪೈಲರ್‌ಗಳು ನನಗಿಂತ ಚೆನ್ನಾಗಿ ಬರೆಯುತ್ತವೆ. ಬರೆಯಲು ಬರುವವರು ಕೆಲವರಿದ್ದರೆ ಸಾಕು. ಓದಲು ಬರುವವರು ಜಾಸ್ತಿ ಬೇಕು, ಈಗ ಇರುವುದಕ್ಕಿಂತ ತುಂಬ ಜಾಸ್ತಿ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣ ಮತ್ತೆ ವಾಯೇಜರೇ. 2015ರಲ್ಲೇ ಒಂದು ಸುದ್ದಿ ಬಂದಿತ್ತು. ಮೊದಲಿನಿಂದ ಇದ್ದ ಎಂಜಿನಿಯರ್ ನಿವೃತ್ತಿಯ ಹತ್ತಿರ ಬಂದಿದ್ದಾರೆ, ಅವರ ಜಾಗಕ್ಕೆ ಇಷ್ಟು ಸಣ್ಣ ಮೆಮೊರಿಯಲ್ಲಿ ಅಸೆಂಬ್ಲಿ ಬರೆಯಬಲ್ಲವರು ಬೇಕು ಅಂತ ಯೋಜನೆಯ ಮುಖ್ಯಸ್ಥೆ ಸುಝಾನ್ ಡಾಡ್ ಹುಡುಕುತ್ತಿದ್ದರು. ಓದಿದ ಎಷ್ಟೋ ಜನ ಆಗ ಅದನ್ನು ಹಳೆಯ ಕಾಲದ ಒಂದು ವಿಚಿತ್ರ ಅಂತ ಪಕ್ಕಕ್ಕಿಟ್ಟರು. ಆಗ ಯಾರೂ ಮುಂದೆ ಬಂದಿರದಿದ್ದರೆ 2024ರ ಮಾರ್ಚಿನಲ್ಲಿ ಬಂದ ಆ ಡಂಪ್ ಏನೆಂದು ಹೇಳುವವರು ಯಾರಿರುತ್ತಿದ್ದರು? ಯಂತ್ರ ಬದುಕಿರುತ್ತಿತ್ತು. ಅದರ ಭಾಷೆ ಸತ್ತಿರುತ್ತಿತ್ತು.

ನಮ್ಮ ಕಡೆ ಕಿಟ್ಟುಗಳು ಎಷ್ಟೋ ಲ್ಯಾಬುಗಳ ಬೀರುವಿನೊಳಗೆ ಸೇರಿವೆ. ಸಿಲಬಸ್ಸಿನಲ್ಲಿ ಹೊಸ ವಿಷಯಗಳಿಗೆ ಜಾಗ ಬೇಕು, ಅದು ನನಗೆ ಅರ್ಥವಾಗುತ್ತದೆ. ಆದರೆ ಪಾಠ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಕೂಡುವುದು, ಕಳೆಯುವುದು, ದೊಡ್ಡ ಸಂಖ್ಯೆ ಹುಡುಕುವುದು ಅಂತ ಅದೇ ಹತ್ತು ಪ್ರೋಗ್ರಾಂ ಬಾಯಿಪಾಠ ಮಾಡಿಸುವ ಬದಲು ಒಂದೇ ಒಂದು ಮಧ್ಯಾಹ್ನ ಈ ವಾಯೇಜರ್ ಆಟ ಆಡಿಸಿ. ಓಡುತ್ತಿರುವ ಒಂದು ಪ್ರೋಗ್ರಾಂ ಕೊಡಿ. 8085 ಬೇಕೆಂದೇ ಇಲ್ಲ, ಕಂಪ್ಯೂಟರಿನಲ್ಲಿ ಓಡುವ ಸಿಮ್ಯುಲೇಟರ್ ಸಾಕು, ಈಗಿನ ರಿಸ್ಕ್-ಫೈವ್ ಪ್ರೊಸೆಸರಿನದಾದರೂ ಆಗುತ್ತದೆ. ಆಮೇಲೆ ಮಧ್ಯದ ಹದಿನಾರು ಅಡ್ರೆಸ್ ಸತ್ತಿವೆ ಅಂತ ಹೇಳಿ, ಅಲ್ಲಲ್ಲಿ ನಾಲ್ಕು ನಾಲ್ಕು ಮನೆ ಮಾತ್ರ ಖಾಲಿ ಬಿಡಿ. ಸರಿಮಾಡಿದ್ದನ್ನು ಒಂದೇ ಸಲ ಓಡಿಸಲು ಅವಕಾಶ ಕೊಡಿ. ಕಾಗದದ ಮೇಲೆ ಹತ್ತು ಸಲ ಕೈಯಿಂದ ಓಡಿಸಿ ನೋಡಿಕೊಂಡೇ ಒತ್ತುತ್ತಾರೆ. ನಾನು ಪರಿಚಯದ ಇಬ್ಬರು ಹುಡುಗರಿಗೆ ಮನೆಯಲ್ಲಿ ಕೂರಿಸಿ ಇದನ್ನು ಮಾಡಿಸಿದೆ. ಒಬ್ಬಳು ಎರಡು ಜಂಪ್ ಸರಿಯಾಗಿ ಬದಲಿಸಿ ಮೂರನೆಯದನ್ನು ಬಿಟ್ಟಳು, ಪ್ರೋಗ್ರಾಂ ಸತ್ತ ಜಾಗಕ್ಕೇ ಹೋಗಿ ಬಿತ್ತು. "ಅಂಕಲ್, ಅವರು ಎರಡು ದಿನ ಕಾದ ಮೇಲೆ ಹೀಗೆ ಆಗಿದ್ದಿದ್ರೆ?" ಅಂತ ಕೇಳಿದಳು. ಆಮೇಲೆ ಒಂದು ಗಂಟೆ ಮೇಲೇಳಲಿಲ್ಲ.

ಉಳಿದ ಕಥೆ ಇಷ್ಟು. ಏಪ್ರಿಲ್‌ನಲ್ಲಿ ಆರೋಗ್ಯದ ವಿವರ ಸರಿಹೋದ ಮೇಲೆ ವಿಜ್ಞಾನದ ಕೋಡನ್ನೂ ಅದೇ ರೀತಿ ಜಾಗ ಬದಲಿಸಿದರು. ಮೇ ತಿಂಗಳಲ್ಲಿ ಪ್ಲಾಸ್ಮಾ ಅಲೆಗಳನ್ನು ಅಳೆಯುವ ಉಪಕರಣ ಮತ್ತು ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಮತ್ತೆ ಮಾಹಿತಿ ಕಳಿಸಿದವು. ಇನ್ನೆರಡಕ್ಕೆ, ಅಂದರೆ ಕಾಸ್ಮಿಕ್ ಕಿರಣಗಳದ್ದು ಮತ್ತು ಕಡಿಮೆ ಶಕ್ತಿಯ ಕಣಗಳದ್ದಕ್ಕೆ, ಇನ್ನಷ್ಟು ಕೆಲಸ ಬೇಕಾಯಿತು. ಜೂನ್‌ನಲ್ಲಿ ನಾಲ್ಕೂ ಕೆಲಸ ಮಾಡತೊಡಗಿದವು. ಸೂರ್ಯನ ಗಾಳಿ ಮುಟ್ಟದ ಜಾಗದಲ್ಲಿ ನಿಂತು ಅಳತೆ ಕಳಿಸಲು ನಮಗೆ ಇರುವುದು ಈ ಎರಡು ವಾಯೇಜರ್‌ಗಳು ಮಾತ್ರ.

ನೌಕೆಯ ವಿದ್ಯುತ್ ವರ್ಷಕ್ಕೆ ಸುಮಾರು 4 ವ್ಯಾಟ್‌ನಂತೆ ಇಳಿಯುತ್ತಿದೆ. 2025ರ ಫೆಬ್ರವರಿ 25ರಂದು, ಉಳಿದವು ಇನ್ನಷ್ಟು ದಿನ ಬಾಳಲಿ ಅಂತ, ವಾಯೇಜರ್-1ರ ಕಾಸ್ಮಿಕ್ ಕಿರಣಗಳ ಉಪಕರಣವನ್ನು ಆಫ್ ಮಾಡಿದರು. ಜೂನ್‌ನಲ್ಲಿ ಕೊನೆಗೆ ಸರಿಹೋದ ಎರಡರಲ್ಲಿ ಅದೂ ಒಂದು. ಆ ರಿಪೇರಿಯಿಂದಾಗಿ ಅದರಿಂದ ಇನ್ನೂ ಎಂಟು ತಿಂಗಳ ಅಳತೆಗಳು ಸಿಕ್ಕಿದ್ದವು.